ಮುಂಬಯಿ, ಪುಣೆ, ಗೋವಾ: ವೃತ್ತಿಪರ ಬೇಸ್‌ಬಾಲ್ ತಂಡವನ್ನು ಸಾಕಬಲ್ಲ ಊರು ಯಾವುದು?

ಬಾಣೇರ್ ಬಳಗ (ಪುಣೆ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮೇಜರ್ ಲೀಗ್‌ಗೆ ಕೊನೆಯ ಸಲ ಹೊಸ ತಂಡ ಸೇರಿದ್ದು 1998ರಲ್ಲಿ, ಅರಿಜೋನ ಮತ್ತು ಟ್ಯಾಂಪಾ ಬೇ. ಆಗಲೇ ಸೇರ್ಪಡೆ ಶುಲ್ಕ ತಲಾ 13 ಕೋಟಿ ಡಾಲರ್. ಈಗಿರುವ 30 ತಂಡಗಳನ್ನು 32 ಮಾಡುವ ಮಾತು ಬಂದಾಗಲೆಲ್ಲ ನ್ಯಾಶ್‌ವಿಲ್, ಸಾಲ್ಟ್ ಲೇಕ್ ಸಿಟಿ, ಪೋರ್ಟ್‌ಲ್ಯಾಂಡ್, ಶಾರ್ಲಟ್, ಮಾಂಟ್ರಿಯಲ್ ಹೆಸರುಗಳು ಓಡಾಡುತ್ತವೆ. ಅಲ್ಲಿ ಊರನ್ನು ಅಳೆಯುವ ಕೋಲು ಮೂರ್ನಾಲ್ಕೇ: ಮೈದಾನ, ಅಲ್ಲಿಗೆ ಹೋಗಿಬರುವ ದಾರಿ, ಜನ, ದುಡ್ಡು.

ಅದೇ ಕೋಲಿನಿಂದ ನಾವಿರುವ ಊರುಗಳನ್ನು ಅಳೆದರೆ ಏನು ಸಿಗುತ್ತದೆ ಎನ್ನುವುದು ನನ್ನ ಪ್ರಶ್ನೆ. ದುಬೈ ಮೂಲದ ಬೇಸ್‌ಬಾಲ್ ಯುನೈಟೆಡ್ ಲೀಗ್‌ನಲ್ಲಿ ‘ಮುಂಬಯಿ ಕೋಬ್ರಾಸ್’ ಎಂಬ ತಂಡ ಇದೆ. ಹೆಸರು ಮುಂಬಯಿಯದು, ಆಟ ದುಬೈಯಲ್ಲಿ. ಹೆಸರಿನ ಜೊತೆ ಪಂದ್ಯವೂ ಇಲ್ಲಿಗೇ ಬರಬೇಕಾದರೆ ಯಾವ ಊರು ತಡೆದುಕೊಳ್ಳುತ್ತದೆ? ಲೆಕ್ಕಕ್ಕೆ ತವರಿನಲ್ಲಿ 24 ಪಂದ್ಯ ಎಂದಿಟ್ಟುಕೊಳ್ಳಿ. ಮೇಜರ್ ಲೀಗ್‌ನ 81 ನಮಗೆ ಬೇಡ, ಆದರೆ ಐಪಿಎಲ್ ತಂಡದ ಹಾಗೆ ಏಳೇ ಪಂದ್ಯ ಆಡಿದರೆ ಇದು ಬೇಸ್‌ಬಾಲ್ ಅನ್ನಿಸುವುದಿಲ್ಲ. ಅಭಿಮಾನದ ಮಾತಿಗಿಂತ ಅಳತೆಯ ಮಾತು ಬೇಕು.

ಅಳತೆಪಟ್ಟಿ (ಠಾಣೆ)

ಹಾಗಾದರೆ ಮೈದಾನದಿಂದಲೇ ಶುರು ಮಾಡೋಣ. 1958ರ ನಂತರ ಕಟ್ಟುವ ವೃತ್ತಿಪರ ಮೈದಾನಕ್ಕೆ ನಿಯಮ ಹೇಳುವುದು: ಹೋಮ್ ಪ್ಲೇಟ್‌ನಿಂದ (ಬ್ಯಾಟರ್ ನಿಲ್ಲುವ ಜಾಗ) ಎರಡೂ ಫೌಲ್ ಗೆರೆಗಳ (ಆಟದ ಜಾಗದ ಎರಡು ಬದಿಯ ಗಡಿ) ಗುಂಟ ಕನಿಷ್ಠ 325 ಅಡಿ (99 ಮೀಟರ್), ನಟ್ಟನಡುವೆ 400 ಅಡಿ (122 ಮೀಟರ್). ಪ್ಲೇಟ್‌ನ ಹಿಂದೆ ಗೋಡೆಗೆ 60 ಅಡಿ, ಅಂದರೆ 18 ಮೀಟರ್ ಬಿಡಬೇಕು ಎಂಬ ಶಿಫಾರಸು ಇದೆ.

ಈಗ ದುಂಡಗಿನ ಕ್ರಿಕೆಟ್ ಮೈದಾನದ ಒಂದು ಅಂಚಿನಿಂದ 18 ಮೀಟರ್ ಒಳಗೆ ಹೋಮ್ ಪ್ಲೇಟ್ ಇಡಿ. ಬೇಲಿಯಿಂದ ಬೇಲಿಗೆ 150 ಮೀಟರ್ ಇದ್ದರೆ ಫೌಲ್ ಗೆರೆಗೆ ಸುಮಾರು 103 ಮೀಟರ್, ನಡುವಿಗೆ 132 ಮೀಟರ್ ಸಿಗುತ್ತದೆ. ಆರಾಮಾಗಿ ಕೂರುತ್ತದೆ. 140 ಮೀಟರ್ ಇದ್ದರೆ ನಡುವಿಗೆ ಸರಿಯಾಗಿ 122, ಫೌಲ್ ಗೆರೆಗೆ 96. ಅಂಚಿನ ಮೇಲೆ ನಿಂತಂತೆ, ಆದರೂ ನಡೆಯುತ್ತದೆ. 130ಕ್ಕೆ ಇಳಿದರೆ 89 ಮತ್ತು 112. ಅಲ್ಲಿ ಸಾಧಾರಣ ಹೊಡೆತವೂ ಬೇಲಿ ದಾಟಿ ಹೋಮ್ ರನ್ ಆಗಿ, ಚೆಂಡು ಎಸೆಯುವ ಪಿಚರ್ ಕೆಲಸಕ್ಕೆ ಬೆಲೆಯೇ ಇರುವುದಿಲ್ಲ. 2019ರಲ್ಲಿ ಲಂಡನ್ ಕ್ರೀಡಾಂಗಣದಲ್ಲಿ ನಡುವಿನ ಬೇಲಿಯನ್ನು 385 ಅಡಿಗೆ ಇಟ್ಟಿದ್ದರು. ಯಾಂಕೀಸ್ ಮತ್ತು ರೆಡ್ ಸಾಕ್ಸ್ ನಡುವಿನ ಆ ಎರಡು ಪಂದ್ಯಗಳು ಮುಗಿದದ್ದು 17-13, 12-8ಕ್ಕೆ. ಅಷ್ಟು ರನ್ನಿಗೆ ಬೇಲಿಯೊಂದೇ ಕಾರಣವಲ್ಲ, ಅದೂ ಒಂದು ಕಾರಣ. ಹಾಗಾಗಿ ಯಾವ ಮೈದಾನದ ಹೆಸರು ಹೇಳಿದರೂ ಮೊದಲು ಟೇಪು ಹಿಡಿದು ಬೇಲಿಯಿಂದ ಬೇಲಿಗೆ ಅಳೆಯಿರಿ, ಬೌಂಡರಿ ಹಗ್ಗದಿಂದಲ್ಲ.

ಕ್ರಿಕೆಟ್ ಸಂಸ್ಥೆಗಳು ಹೆದರುವುದು ನಡುವಿನ ಪಿಚ್‌ಗಳ ಬಗ್ಗೆ. 150 ಮೀಟರ್ ಮೈದಾನದಲ್ಲಿ ಪ್ಲೇಟ್‌ನಿಂದ ಮೈದಾನದ ಮಧ್ಯಬಿಂದು 57 ಮೀಟರ್ ದೂರ. ಎರಡನೇ ಬೇಸ್ (ಓಟಗಾರ ಮುಟ್ಟಬೇಕಾದ ಎರಡನೇ ಗುರುತು, ಪ್ಲೇಟ್‌ನ ನೇರ ಎದುರು) ಇರುವುದು 38.8 ಮೀಟರ್‌ನಲ್ಲಿ. ಮೌಂಡ್ (ಪಿಚರ್ ನಿಂತು ಎಸೆಯುವ ಮಣ್ಣಿನ ದಿಬ್ಬ) ಇನ್ನೂ ಹತ್ತಿರ, 60 ಅಡಿ 6 ಇಂಚು. ಪಿಚ್‌ಗಳ ಸಾಲು 30 ಮೀಟರ್ ಅಗಲ ಇದ್ದರೂ ಅದು ಶುರುವಾಗುವುದು 42 ಮೀಟರ್‌ನಿಂದ, ಎರಡನೇ ಬೇಸ್‌ನ ಬೆನ್ನಿಗೆ. ಮೌಂಡ್‌ಗಾಗಿ ಪಿಚ್ ಅಗೆಯುವ ಪ್ರಶ್ನೆಯೇ ಇಲ್ಲ. ತೊಂದರೆ ಬರುವುದು ಬೇರೆ ಕಡೆ. ಒಳಮೈದಾನದ ಮಣ್ಣಿನ ಕಮಾನನ್ನು ಮೌಂಡ್ ಮೇಲೆ ಪಿಚರ್ ಕಾಲಿಡುವ ಹಲಗೆಯಿಂದ 95 ಅಡಿ ತ್ರಿಜ್ಯದಲ್ಲಿ ಎಳೆಯುತ್ತಾರೆ. ಅದು 47 ಮೀಟರ್‌ವರೆಗೆ ಹೋಗಿ ಪಿಚ್ ಸಾಲನ್ನು ಐದು ಮೀಟರ್ ತಿನ್ನುತ್ತದೆ. ಆದ್ದರಿಂದ ಪೂರ್ತಿ ಕಮಾನು ಬೇಡ. ಬೇಸ್‌ಗಳ ಸುತ್ತ ಮಾತ್ರ ಹುಲ್ಲು ಕತ್ತರಿಸಿ ಮಣ್ಣು ತುಂಬಿ, ಉಳಿದದ್ದು ಹುಲ್ಲಾಗಿಯೇ ಇರಲಿ. ಕೃತಕ ಹುಲ್ಲಿನ ಮೈದಾನಗಳಲ್ಲಿ ಎಷ್ಟೋ ವರ್ಷ ಹಾಗೇ ಆಡಿದ್ದಾರೆ.

ಇನ್ನೊಂದು ವಿಷಯ ಯಾರೂ ಮೊದಲೇ ಯೋಚಿಸುವುದಿಲ್ಲ. ಪಿಚರ್ ಕೈಯಿಂದ ಬಿಡುವ ಬಿಳಿ ಚೆಂಡು ಬ್ಯಾಟರ್‌ಗೆ ಕಾಣಬೇಕಾದರೆ ನಡುಬೇಲಿಯ ಹಿಂದೆ ಕಡು ಹಸಿರೋ ಕಪ್ಪೋ ಹಿನ್ನೆಲೆ ಇರಬೇಕು. ಕ್ರಿಕೆಟ್‌ನ ಕಪ್ಪು ಸೈಟ್ ಸ್ಕ್ರೀನ್ ಇರುವುದು ಉತ್ತರ ದಕ್ಷಿಣ ತುದಿಗಳಲ್ಲಿ. ಬೇಸ್‌ಬಾಲ್‌ನಲ್ಲಿ ಪ್ಲೇಟ್‌ನಿಂದ ಎರಡನೇ ಬೇಸ್‌ಗೆ ಎಳೆದ ಗೆರೆ ಪೂರ್ವ ಈಶಾನ್ಯಕ್ಕೆ ಮುಖ ಮಾಡಿರುವುದು ಒಳ್ಳೆಯದು ಎಂದು ನಿಯಮಪುಸ್ತಕವೇ ಹೇಳುತ್ತದೆ. ಅಂದರೆ ಪೂರ್ವದ ಸ್ಟ್ಯಾಂಡ್‌ನಲ್ಲಿ ಒಂದು ಭಾಗಕ್ಕೆ ಬಟ್ಟೆ ಹೊದಿಸಿ ಅಲ್ಲಿನ ಸೀಟು ಮಾರದೆ ಬಿಡಬೇಕು.

ಹುಬ್ಬಳ್ಳಿ ಟು ಚಿಂಚವಡ (ಪುಣೆ)

ಅಳತೆಪಟ್ಟಿಯವರ ಲೆಕ್ಕ ಬರೋಬ್ಬರಿ ಐತ್ರಿ. ಆದ್ರ ಪುಣೆ ವಿಷಯಕ್ಕ ಬಂದ್ರ ಎಲ್ಲಾರೂ ಮೊದ್ಲು ಎತ್ತೋದು ಒಂದ ಮಾತು: "ಪುಣೆದಾಗ ಯಾವ ತಂಡನೂ ಉಳಿಯಂಗಿಲ್ಲ." ಇದು ಖರೇ ಅಲ್ಲ. ಒಂದೊಂದು ತಂಡ ಯಾಕ ಹೋತು ನೋಡ್ರಿ. ಐಪಿಎಲ್‌ನ ಪುಣೆ ವಾರಿಯರ್ಸ್ 2011ರಿಂದ 2013ರ ತನಕ ಆಡಿತು; ಮುಗಿದದ್ದು ಮಾಲೀಕರಿಗೂ ಕ್ರಿಕೆಟ್ ಮಂಡಳಿಗೂ ನಡುವಿನ ಶುಲ್ಕ, ಬ್ಯಾಂಕ್ ಗ್ಯಾರಂಟಿ ತಕರಾರಿನಿಂದ. ಐಪಿಎಲ್‌ನ ರೈಸಿಂಗ್ ಪುಣೆ 2016, 2017 ಎರಡೇ ವರ್ಷ, ಯಾಕಂದ್ರ ಅಮಾನತಾದ ಎರಡು ತಂಡದ ಜಾಗಾ ತುಂಬಾಕ ಬಂದದ್ದ ಅದು. ಫುಟ್‌ಬಾಲ್ ತಂಡ ಎಫ್‌ಸಿ ಪುಣೆ ಸಿಟಿ 2014ರಾಗ ಶುರು ಆಗಿ 2019ರಾಗ ಮುಚ್ಚಿತು, ಆ ಜಾಗಾ ಹೈದರಾಬಾದ್‌ಗೆ ಹೋತು. ಈ ಮೂರರಾಗ ವಾರಿಯರ್ಸ್, ರೈಸಿಂಗ್ ಪುಣೆ ಎರಡಂತೂ ನೋಡವರು ಇಲ್ಲ ಅಂತ ಮುಚ್ಚಿದ್ದಲ್ಲ.

ಪುಣೆಯ ನಿಜವಾದ ತೊಂದರಿ ಗಹುಂಜೆ. ಮೈದಾನ ಚಲೋ ಐತಿ, ದೊಡ್ಡದೈತಿ, ಆದ್ರ ಮುಂಬಯಿ ಎಕ್ಸ್‌ಪ್ರೆಸ್‌ವೇ ಬಾಜೂಕ, ಊರ ಹೊರಗ. ಹಡಪ್ಸರದಾಗ ಇರೋ ಮನಿಷ್ಯಾ ಶುಕ್ರವಾರ ಸಂಜಿ ಆಫೀಸ್ ಬಿಟ್ಟು ಅಲ್ಲಿ ಮುಟ್ಟೋದರಾಗ ಮೂರು ಇನ್ನಿಂಗ್ಸ್ ಮುಗದಿರ್ತಾವ. ಅಲ್ಲಿ ಐಪಿಎಲ್ ಇದ್ದಾಗ ವರ್ಷಕ್ಕ ಐದಾರು ಪಂದ್ಯಕ್ಕ ಜನ ಆ ತ್ರಾಸ ತಡಕೊಂಡ್ರು, 24ಕ್ಕ ತಡಕೊಳ್ಳಂಗಿಲ್ಲ. ಟ್ಯಾಂಪಾ ಬೇದಾಗ ಆದದ್ದೂ ಇದ. ಮೈದಾನ ಕೊಲ್ಲಿ ಆಚೆ ಸೇಂಟ್ ಪೀಟರ್ಸ್‌ಬರ್ಗ್‌ದಾಗ, ಬಹಳಷ್ಟು ಜನ ಈಚೆ. 2019ರಿಂದ 2023ರ ತನಕ ಐದು ವರ್ಷ ಬಿಡದ ಪ್ಲೇಆಫ್‌ಗೆ ಹೋದ ತಂಡಕ್ಕೂ ಸೀಟು ತುಂಬಲಿಲ್ಲ. ಗೆಲುವು ದಾರಿ ಸಣ್ಣದು ಮಾಡಂಗಿಲ್ರಿ.

"ಬಾಲೆವಾಡಿ ಐತೆಲ್ಲಾ" ಅಂತ ಯಾರರ ಕೇಳೋಕಿಂತ ಮೊದ್ಲ ಹೇಳ್ತೀನಿ, ಅಲ್ಲಿಯ ದೊಡ್ಡ ಕ್ರೀಡಾಂಗಣದಾಗ ಓಟದ ಟ್ರ್ಯಾಕ್ ಐತಿ. 400 ಮೀಟರ್ ಟ್ರ್ಯಾಕ್‌ಗೆ ಎಂಟು ಲೇನ್ ಸೇರಿಸಿದ್ರೂ ಅಗಲ 93 ಮೀಟರ್ ಹತ್ರ. ಉದ್ದದ ತುದಿಗೆ ಪ್ಲೇಟ್ ಇಟ್ರ ಫೌಲ್ ಗೆರಿ 65 ಮೀಟರ್‌ಗೆ ಗ್ವಾಡಿ ಬಡಿತೈತಿ. ಆಗಂಗಿಲ್ಲ. ಆದ್ರ ಆ ಭಾಗ ಸರಿಯಾದದ್ದ: ಬಾಣೇರ್, ಔಂಧ್, ವಾಕಡ್, ಹಿಂಜವಡಿ ಎಲ್ಲಾ ಕೈಯಳತಿಯಾಗ, ಹಿಂಜವಡಿ–ಶಿವಾಜಿನಗರ ಮೆಟ್ರೊ ಹಾದಿನೂ ಅಲ್ಲೇ. ಆಟದ ಜಾಗಾಕ್ಕ 130 ಮೀಟರ್ ಚೌಕ ಅಂದ್ರ ನಾಲ್ಕು ಎಕರೆ ಮ್ಯಾಲ ಸ್ವಲ್ಪ. ಐದು ಸಾವಿರ ಸೀಟು, ಗಾಡಿ ನಿಲ್ಲಸಾಕ ಜಾಗಾ ಹಿಡಿದು ಎಂಟು ಎಕರೆ ಸಿಕ್ರ ಸಾಕು. ಸಣ್ಣ ಮೈದಾನ, ತನ್ನದ ಮೈದಾನ. ‘ಅಥ್ಲೆಟಿಕ್ಸ್’ ಅನ್ನೋದು ಮೇಜರ್ ಲೀಗ್ ತಂಡ ಆಗಿದ್ರೂ ಓಕ್‌ಲ್ಯಾಂಡ್ ಬಿಟ್ಟು 2025ರಾಗ ಸ್ಯಾಕ್ರಮೆಂಟೊದ ಸಣ್ಣ ಲೀಗ್ ಮೈದಾನಕ್ಕ ಹೋತು, ಅಲ್ಲಿ ಹಿಡಿಸೋದು 14 ಸಾವಿರ ಮಂದಿ ಅಷ್ಟ.

ಮಣ್ಣಿಂದೂ ಹೇಳ್ಬೇಕು. ಪುಣೆ ಸುತ್ತಲಿನ ಎರಿ ಮಣ್ಣು ಒಣಗಿದ್ರ ಬಿರಿತೈತಿ, ತೊಯ್ದ್ರ ಉಬ್ಬತೈತಿ. ಬೇಸ್ ಸುತ್ತ ಅದನ್ನ ಹಾಕಿದ್ರ ಚೆಂಡು ಬಿರುಕಿಗೆ ಬಡದು ಮಕದ ಕಡೆ ಜಿಗಿತೈತಿ. ಅಲ್ಲಿಗೆ ಮರಳು 60 ಪಾಲು, ಉಳಿದದ್ದು ಜೇಡಿ ಮತ್ತ ನಯವಾದ ಹೂಳು, ಆ ಮಿಶ್ರಣ ಬೇಕು. ಎರಿ ಮಣ್ಣು ಕೆಳಗ ಐದಾರು ಇಂಚು ತಗದು ಹಾಕಬೇಕು, ಮ್ಯಾಲೆ ಸುರದು ಬಿಟ್ರ ಒಂದ ಮಳಿಗೆ ಎರಡೂ ಕಲಸಿಹೋಗ್ತಾವ.

ಕರಾವಳಿ ಕಣ್ಣು (ನೆರೂಳ್)

ಪುಣೆಯ ಅಣ್ಣ ಹೇಳಿದ ದಾರಿಯ ಮಾತೇ ನವಿ ಮುಂಬಯಿಯ ಪರವಾಗಿ ನಿಲ್ಲುತ್ತದೆ ನೋಡಿ. ವಾಂಖೆಡೆಗೆ ಚರ್ಚ್‌ಗೇಟ್ ಹತ್ತಿರ, ನಿಜ. ಆದರೆ ಅಲ್ಲಿ ಅಕ್ಟೋಬರ್‌ನಿಂದ ಕ್ರಿಕೆಟ್‌ನದೇ ಕ್ಯಾಲೆಂಡರ್, ಮಧ್ಯೆ ಎಂಟು ವಾರಾಂತ್ಯ ಬಿಡಿಸಿಕೊಳ್ಳುವುದು ಆಗುವ ಮಾತಲ್ಲ. ನೆರೂಳ್‌ನ ಡಿ.ವೈ. ಪಾಟೀಲ್ ಕ್ರೀಡಾಂಗಣ ಕ್ರಿಕೆಟ್ಟಿಗೆ ಮಾತ್ರ ಅಂಟಿಕೊಂಡದ್ದಲ್ಲ. 2017ರ ಫಿಫಾ 17ರ ವಯೋಮಿತಿಯ ವಿಶ್ವಕಪ್ ಪಂದ್ಯಗಳು ಅಲ್ಲೇ ಆದವು, 2025ರ ನವೆಂಬರ್ 2ರಂದು ಭಾರತದ ಮಹಿಳೆಯರು ವಿಶ್ವಕಪ್ ಗೆದ್ದದ್ದೂ ಅಲ್ಲೇ. ಆಟ ಬದಲಾದಂತೆ ನೆಲ ಬದಲಾಯಿಸಿ ಅಭ್ಯಾಸ ಇರುವ ಜಾಗ. ನೆರೂಳ್, ಜುಯಿನಗರ ಎರಡೂ ಹಾರ್ಬರ್ ಲೈನ್ ಸ್ಟೇಷನ್, ಇಳಿದು ನಡೆದೇ ಹೋಗಬಹುದು.

ಸಮಯದ ಲೆಕ್ಕ ಹಾಕಿ. 2023ರಲ್ಲಿ ಮೇಜರ್ ಲೀಗ್ ಪಿಚ್ ಗಡಿಯಾರ (ಗೊತ್ತುಮಾಡಿದ ಸೆಕೆಂಡಿನೊಳಗೆ ಪಿಚರ್ ಎಸೆಯಲೇಬೇಕು ಎಂಬ ನಿಯಮ) ತಂದ ಮೇಲೆ ಒಂಬತ್ತು ಇನ್ನಿಂಗ್ಸ್ ಸರಾಸರಿ 2 ಗಂಟೆ 40 ನಿಮಿಷಕ್ಕೆ ಇಳಿಯಿತು, ಅದಕ್ಕೆ ಮುಂಚೆ ಮೂರು ಗಂಟೆ ದಾಟುತ್ತಿತ್ತು. 6.30ಕ್ಕೆ ಶುರುವಾದರೆ 9.15ಕ್ಕೆ ಮುಗಿಯುತ್ತದೆ. ಡೊಂಬಿವಲಿಯವರೂ ಠಾಣೆ ಮೇಲೆ ಮನೆ ಸೇರಬಹುದು. ಗಡಿಯಾರ ಇಲ್ಲದೆ ಆಡಿಸಿದರೆ ಏಳನೇ ಇನ್ನಿಂಗ್ಸ್‌ಗೇ ಅರ್ಧ ಜನ ಎದ್ದು ಹೋಗುತ್ತಾರೆ ಮಾರಾಯ್ರೇ, ಅದು ಆಟದ ತಪ್ಪಲ್ಲ, ಲೋಕಲ್‌ನ ಚಿಂತೆ.

ನಾಲ್ಕು ಗಂಟೆಗೆ ಶುರು ಮಾಡೋಣ ಎನ್ನುವವರಿಗೆ ಒಂದು ಎಚ್ಚರಿಕೆ. ಪ್ಲೇಟ್ ಪಶ್ಚಿಮ ನೈರುತ್ಯದ ಬದಿಗೆ ಇರುತ್ತದಲ್ಲ, ಚಳಿಗಾಲದ ಸೂರ್ಯ ಇಳಿಯುವುದೂ ಅದೇ ಬದಿಗೆ. ಬ್ಯಾಟರ್‌ಗೆ ತೊಂದರೆ ಇಲ್ಲ, ಪಿಚರ್‌ಗೂ ನಡುವಿನ ಫೀಲ್ಡರ್‌ಗೂ ಕಣ್ಣಿಗೆ ನೇರ ಬಿಸಿಲು. ಮೇಲಾಗಿ ಸ್ಟ್ಯಾಂಡ್‌ನ ನೆರಳು ಮೊದಲು ಪ್ಲೇಟ್ ಮೇಲೆ ಬೀಳುತ್ತದೆ, ಮೌಂಡ್ ಇನ್ನೂ ಬಿಸಿಲಿನಲ್ಲಿರುತ್ತದೆ. ಬೆಳಕಿನಿಂದ ನೆರಳಿಗೆ ಬರುವ ಚೆಂಡನ್ನು ಹಿಡಿಯುವುದು ಕ್ಯಾಚರ್‌ಗೂ ಕಷ್ಟ. ಸೂರ್ಯ ಮುಳುಗಿದ ಮೇಲೆ ಶುರು ಮಾಡುವುದೇ ಸರಿ.

ಆದರೆ ಮುಂಬಯಿ ಮಟ್ಟಿಗೆ ಒಂದು ಮಾತು ಒಪ್ಪಬೇಕು. 2011ರ ಜನಗಣತಿಯಲ್ಲೇ 1.84 ಕೋಟಿ ಜನರ ಮಹಾನಗರ ಇದು, ಹಾಗೆಂದು ಎಲ್ಲರೂ ನಮ್ಮ ಗಿರಾಕಿಗಳಲ್ಲ. ಕ್ರಿಕೆಟ್, ಫುಟ್‌ಬಾಲ್, ಕಬಡ್ಡಿ, ನಾಟಕ, ಸಿನಿಮಾ ಎಲ್ಲ ಅದೇ ಶನಿವಾರ ಸಂಜೆಗೆ ಕೈ ಚಾಚುತ್ತವೆ. ಪನ್ವೇಲ್‌ನಿಂದ ಐರೋಲಿವರೆಗಿನ ನವಿ ಮುಂಬಯಿ ಪಟ್ಟಿಯನ್ನೇ ತವರು ಎಂದುಕೊಂಡು, ಅಲ್ಲಿನ ಶಾಲೆಗಳಿಂದ ಶುರು ಮಾಡಿದರೆ ತಂಡ ಬೇರು ಬಿಡುತ್ತದೆ. ಇಡೀ ಮುಂಬಯಿಯ ತಂಡ ಎಂದು ಹೊರಟರೆ ಯಾರದ್ದೂ ಆಗುವುದಿಲ್ಲ.

ಮಡಗಾಂವ್ ಕಡೆಯವ (ಗೋವಾ)

ಗೋವಾದ ಪರ ಮಾತಾಡಬೇಕೆಂದು ಆಸೆ ಇದೆ, ಆದರೆ ಲೆಕ್ಕ ಬಿಡುವುದಿಲ್ಲ. ರಾಜ್ಯದ ಜನಸಂಖ್ಯೆಯೇ 2011ರಲ್ಲಿ 14.6 ಲಕ್ಷ. ಕಾರವಾರ, ಅಂಕೋಲಾದವರು ರೈಲು ಹತ್ತಿ ಮಡಗಾಂವ್‌ಗೆ ಬಂದಾರು. ಬೆಳಗಾವಿಯವರು ಚೋರ್ಲಾ ಘಾಟಿ ಇಳಿದು ಬಂದು ರಾತ್ರಿ ಅದೇ ತಿರುವುಗಳಲ್ಲಿ ವಾಪಸ್ ಹೋಗಬೇಕು, 24 ಸಲ ಯಾರು ಬರುತ್ತಾರೆ? ಫಾತೋರ್ಡಾ ಮೈದಾನದಲ್ಲಿ ಹಿಂದೆ ಏಕದಿನ ಕ್ರಿಕೆಟ್ ನಡೆದಿದೆ, ಈಗ ಅದು ಎಫ್‌ಸಿ ಗೋವಾದ ತವರು. ಫುಟ್‌ಬಾಲ್ ಋತುವೂ ನಮಗೆ ಬೇಕಾದ ಒಣ ತಿಂಗಳುಗಳೂ ಒಂದೇ. ಒಂದೇ ಹುಲ್ಲಿನ ಮೇಲೆ ಶುಕ್ರವಾರ ಮಣ್ಣಿನ ಬೇಸ್, ಬುಧವಾರ ಫುಟ್‌ಬಾಲ್ ಎಂದರೆ ಎರಡೂ ಕೆಡುತ್ತವೆ.

ಮಳೆಯ ವಿಷಯ: ಜೂನ್‌ನಿಂದ ಸೆಪ್ಟೆಂಬರ್ ಮೂರೂ ಕಡೆ ಮುಚ್ಚಿದ ಬಾಗಿಲು. ಅಕ್ಟೋಬರ್ ನಂಬಬೇಡಿ. 2010ರ ಅಕ್ಟೋಬರ್ 24ರ ಭಾರತ–ಆಸ್ಟ್ರೇಲಿಯಾ ಏಕದಿನ ಪಂದ್ಯ ಫಾತೋರ್ಡಾದಲ್ಲಿ ಒಂದು ಚೆಂಡೂ ಬೀಳದೆ ರದ್ದಾಯಿತು. ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ, ಐಪಿಎಲ್ ಶುರುವಾಗುವ ಮುಂಚೆ, ಅಷ್ಟೇ ಕಿಟಕಿ.

ಗೋವಾಕ್ಕೆ ಬೇರೆಯದೇ ಕೆಲಸ ಕೊಡಿ. ಮೇಜರ್ ಲೀಗ್ ತಂಡಗಳು ಫೆಬ್ರುವರಿ–ಮಾರ್ಚ್‌ನಲ್ಲಿ ಅರ್ಧ ಅರಿಜೋನಕ್ಕೆ, ಅರ್ಧ ಫ್ಲೋರಿಡಾಕ್ಕೆ ತಯಾರಿಗೆ ಹೋಗುತ್ತವೆ. ಸಣ್ಣ ಮೈದಾನ, ಹತ್ತಿರದಲ್ಲೇ ಕೋಣೆಗಳು, ರಜೆಗೆ ಬಂದ ಪ್ರೇಕ್ಷಕರು. ನವೆಂಬರ್ ಮೊದಲ ಎರಡು ವಾರ ಎಲ್ಲ ತಂಡಗಳ ತಯಾರಿ ಶಿಬಿರ ಇಲ್ಲಿ ಮಾಡಿದರೆ ಊರಿಗೂ ಹೊರೆಯಲ್ಲ, ಲೀಗ್‌ಗೂ ಲಾಭ. ಒಂದೆರಡು ದಿನ ಮಳೆ ಬಂದರೂ ಟಿಕೆಟ್ ವಾಪಸ್ ಕೊಡುವ ತಲೆನೋವಿಲ್ಲ.

ಬಾಣೇರ್ ಬಳಗ (ಪುಣೆ)

ತುಂಬ ಉಪಯೋಗವಾಯಿತು. ಎರಡು ವಿಷಯ ಉಳಿದಿವೆ. ನೆರೂಳ್‌ನ ಅಕ್ಕಾ, ನೀವು ಎಂಟು ವಾರಾಂತ್ಯ ಎಂದಿರಿ. 24 ಪಂದ್ಯ ಅಷ್ಟರಲ್ಲೇ ಮುಗಿಸಿದರೆ ಪಿಚರ್‌ಗಳ ತೋಳು ತಡೆಯುತ್ತದೆಯೇ? ಮತ್ತೆ ದುಡ್ಡು ಎಲ್ಲಿಂದ?

ಕರಾವಳಿ ಕಣ್ಣು (ನೆರೂಳ್)

ಶುಕ್ರ, ಶನಿ, ಭಾನು ಮೂರು ಪಂದ್ಯಗಳ ಸರಣಿ. ಹದಿನಾರು ವಾರದಲ್ಲಿ ಎಂಟು ವಾರ ತವರು, ಎಂಟು ವಾರ ಹೊರಗೆ, ಹಾಗೆ 24 ಆಗುತ್ತದೆ. ಪಿಚರ್‌ಗಳಿಗೆ ಇದೇ ಒಳ್ಳೆಯದು. ಮೇಜರ್ ಲೀಗ್‌ನಲ್ಲಿ ಬಹುತೇಕ ದಿನವೂ ಆಟ ಇರುವುದರಿಂದ ಐವರು ಸ್ಟಾರ್ಟರ್‌ಗಳು (ಪಂದ್ಯ ಶುರು ಮಾಡುವ ಪಿಚರ್‌ಗಳು) ಬೇಕು, 26 ಜನರ ತಂಡದಲ್ಲಿ 13ರವರೆಗೆ ಪಿಚರ್‌ಗಳೇ ಇರುತ್ತಾರೆ. ವಾರಕ್ಕೆ ಮೂರೇ ಪಂದ್ಯ ಎಂದಾದರೆ ಮೂವರು ಸ್ಟಾರ್ಟರ್, ಆರು ರಿಲೀವರ್ (ನಡುವೆ ಬದಲಿಗೆ ಬರುವ ಪಿಚರ್) ಸಾಕು. ಪ್ರತಿಯೊಬ್ಬನಿಗೂ ಪೂರ್ತಿ ವಾರದ ವಿಶ್ರಾಂತಿ.

ಒಂಬತ್ತು ಪಿಚರ್‌ಗಳನ್ನು ಹುಡುಕುವುದೇ ನಿಜವಾದ ಕಷ್ಟ. ಕ್ರಿಕೆಟ್ ಬೌಲರ್‌ಗಳ ಹಿಂದೆ ಹೋಗಬೇಡಿ, ಮೊಣಕೈ ನೇರ ಇಡುವ ಅಭ್ಯಾಸ ಬಿಡಿಸುವುದು ಸುಲಭವಲ್ಲ. ಭಾರತದಲ್ಲಿ ಪಿಚರ್‌ಗಳನ್ನು ಹುಡುಕಲು ನಡೆಸಿದ 2008ರ ‘ಮಿಲಿಯನ್ ಡಾಲರ್ ಆರ್ಮ್’ ಸ್ಪರ್ಧೆಯಿಂದ ಆಯ್ಕೆಯಾಗಿ ಮೇಜರ್ ಲೀಗ್‌ನ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಕರಾರು ಮಾಡಿಕೊಂಡ ರಿಂಕು ಸಿಂಗ್ (ಕ್ರಿಕೆಟಿಗ ರಿಂಕು ಅಲ್ಲ), ದಿನೇಶ್ ಪಟೇಲ್ ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು. ಮಹಾರಾಷ್ಟ್ರದ ಜಿಲ್ಲಾ ಅಥ್ಲೆಟಿಕ್ ಕೂಟಗಳಲ್ಲಿ ಜಾವೆಲಿನ್ ಹುಡುಗರನ್ನೂ, ಡೀಪ್‌ನಿಂದ ನೇರ ಎಸೆತ ಇರುವ ಫೀಲ್ಡರ್‌ಗಳನ್ನೂ ನೋಡಿ. ಮೊದಲ ವರ್ಷ ಹೊಸಬನಿಗೆ ಪಂದ್ಯಕ್ಕೆ ಐವತ್ತು ಅರವತ್ತು ಎಸೆತ ಮೀರಬಾರದು. ಮೊಣಕೈ ಒಳಬದಿಯ ಲಿಗಮೆಂಟ್ ಹರಿದರೆ ಒಂದು ವರ್ಷಕ್ಕಿಂತ ಹೆಚ್ಚು ಹೋಯಿತು.

ಅಳತೆಪಟ್ಟಿ (ಠಾಣೆ)

ದುಡ್ಡಿನ ಲೆಕ್ಕ ನಾನು ಬರೆಯುತ್ತೇನೆ. ಇವು ನನ್ನ ಅಂದಾಜು, ಬೇಕಿದ್ದರೆ ಬದಲಾಯಿಸಿ ನೋಡಿ. ಪಂದ್ಯಕ್ಕೆ 4,000 ಜನ, ಟಿಕೆಟ್ ಸರಾಸರಿ 200 ರೂಪಾಯಿ, 24 ಪಂದ್ಯ: 1.92 ಕೋಟಿ. ತಂಡದಲ್ಲಿ 22 ಜನ. ನಮ್ಮವರು 16 ಮಂದಿಗೆ ತಿಂಗಳಿಗೆ 60 ಸಾವಿರದಂತೆ ಐದು ತಿಂಗಳಿಗೆ 48 ಲಕ್ಷ. ಹೊರಗಿನವರು ಆರು ಮಂದಿಗೆ ತಿಂಗಳಿಗೆ 4 ಲಕ್ಷದಂತೆ 1.2 ಕೋಟಿ. ಅಲ್ಲಿಗೆ 1.68 ಕೋಟಿ ಹೋಯಿತು. ಉಳಿದ 24 ಲಕ್ಷದಲ್ಲಿ ಮೈದಾನದ ಬಾಡಿಗೆ, ದೀಪ, ಪ್ರಯಾಣ, ಫಿಸಿಯೊ ಯಾವುದೂ ಆಗುವುದಿಲ್ಲ. ಚೆಂಡೇ ಪಂದ್ಯಕ್ಕೆ ಏಳು ಡಜನ್ ಹಿಡಿದರೆ ವರ್ಷಕ್ಕೆ 2,016. ಅಂದರೆ ಟಿಕೆಟ್ ಹಣ ಆಟಗಾರರ ಸಂಬಳಕ್ಕೆ ಮಾತ್ರ ಸರಿ, ಉಳಿದದ್ದಕ್ಕೆ ಪ್ರಾಯೋಜಕರು ಮೊದಲೇ ಸಹಿ ಹಾಕಿರಬೇಕು. ನಾಲ್ಕು ಸಾವಿರ ಜನಕ್ಕೆ ಐವತ್ತು ಸಾವಿರದ ಕ್ರೀಡಾಂಗಣ ಬಾಡಿಗೆ ಹಿಡಿಯುವುದು ದಂಡ, ಆ ಮಟ್ಟಿಗೆ ಚಿಂಚವಡದವರ ಎಂಟು ಎಕರೆಯ ಮಾತು ನೂರಕ್ಕೆ ನೂರು ಸರಿ.

ಹಾಗಾಗಿ ನನ್ನ ಮತ: ಮೊದಲ ಎರಡು ವರ್ಷ ನವಿ ಮುಂಬಯಿ, ಅಷ್ಟರಲ್ಲಿ ಪುಣೆಯ ಸಣ್ಣ ಮೈದಾನ ತಯಾರಾಗಲಿ. ಹೊಸ ತಂಡವನ್ನು ನೇರ ದೊಡ್ಡ ಕಣಕ್ಕೆ ಇಳಿಸಬೇಡಿ. ಕೊರಿಯಾದ ಎನ್‌ಸಿ ಡೈನೋಸ್ 2011ರಲ್ಲಿ ಹುಟ್ಟಿ, 2012 ಪೂರ್ತಿ ಎರಡನೇ ದರ್ಜೆಯ ಲೀಗ್ ಆಡಿ, 2013ರಲ್ಲಿ ಮೇಲೆ ಬಂತು. ಚಾಂಗ್ವಾನ್‌ನಲ್ಲಿ ಅದರ ಹೊಸ ಮೈದಾನ ತೆರೆದದ್ದು 2019ಕ್ಕೆ. ತೈವಾನ್‌ನ ಟಿಎಸ್‌ಜಿ ಹಾಕ್ಸ್ ಕೂಡ 2023 ಕೆಳಗೆ ಆಡಿ 2024ರಲ್ಲಿ ಮೇಲೇರಿತು.

ನೆರೂಳ್‌ನಲ್ಲಿ ಪರೀಕ್ಷೆಗೆ ಒಂದು ವಾರಾಂತ್ಯ ಆಡಿಸುವುದಾದರೆ ಮೌಂಡ್‌ಗೆ ಅವಸರ ಮಾಡಬೇಡಿ. 18 ಅಡಿ ವ್ಯಾಸ, 10 ಇಂಚು ಎತ್ತರ, ಹಲಗೆಯ ಮುಂದೆ 6 ಇಂಚು ಬಿಟ್ಟು ಅಲ್ಲಿಂದ ಅಡಿಗೆ ಒಂದು ಇಂಚಿನಂತೆ ಇಳಿಜಾರು. ನಾಲ್ಕೈದು ಘನ ಮೀಟರ್ ಮಣ್ಣು ಬೇಕು, ಜೇಡಿ ಹೆಚ್ಚಿರಲಿ. ಇಂಚು ಇಂಚಾಗಿ ಹಾಕಿ, ನೀರು ಚಿಮುಕಿಸಿ, ಬಡಿದು, ಮೇಲ್ಮೈ ಗೀರಿ, ಹಸಿ ಇರುವಾಗಲೇ ಮುಂದಿನ ಪದರ. ಒಣಗಿದ ಮೇಲೆ ಹಾಕಿದ ಪದರ ಪಿಚರ್‌ನ ಮೊನೆ ಬೂಟಿಗೆ ಹಪ್ಪಳದಂತೆ ಏಳುತ್ತದೆ, ಎರಡನೇ ಇನ್ನಿಂಗ್ಸ್‌ಗೇ ಅವನ ಕಾಲಿನ ಕೆಳಗೆ ಗುಂಡಿ. ಬುಧವಾರ ಕಟ್ಟಿ ಮುಗಿಸಿ, ಟಾರ್ಪಾಲು ಮುಚ್ಚಿ, ಶುಕ್ರವಾರ ಸಂಜೆಯೇ ತೆಗೆಯಿರಿ.

ಹುಬ್ಬಳ್ಳಿ ಟು ಚಿಂಚವಡ (ಪುಣೆ)

ಜಾಳಿಗೀನೂ ನೆನಪಿಡ್ರಿ. ನಮ್ಮ ಮಂದಿ ಸಿಕ್ಸರ್ ಮ್ಯಾಲಿಂದ ಬೀಳೋದು ನೋಡ್ಯಾರ, ಫೌಲ್ ಚೆಂಡು ಗುಂಡಿನಂಗ ಅಡ್ಡ ಬರೋದು ನೋಡಿಲ್ಲ. 2018ಕ್ಕ ಮೇಜರ್ ಲೀಗಿನ ಎಲ್ಲಾ 30 ಮೈದಾನದಾಗ ಡಗೌಟ್‌ನ ಆಚೆ ತುದಿ ತನಕ ಜಾಳಿಗಿ ಬಂತು. ಇಲ್ಲಿ ಫೌಲ್ ಗೆರಿ ಗುಂಟ ಇನ್ನೂ ಮುಂದಕ್ಕ ಎಳೀರಿ. ಸಣ್ಣ ಹುಡುಗ್ರನ್ನ ಕರಕೊಂಡು ಬರೋ ಮನಿಯವರಿಗೆ ಜಾಳಿಗಿ ಹಿಂದಿನ ಸೀಟ ಕೊಡ್ರಿ. ಪುಣೆಯ ಜನೆವರಿ ರಾತ್ರಿ ಇಬ್ಬನಿ ಬಿದ್ದು ಪಿಚರ್ ಕೈಯಾಗ ಚೆಂಡು ಜಾರತೈತಿ. ರೋಸಿನ್ ಚೀಲ (ಕೈ ಜಾರದಂಗ ಹಚ್ಚಿಕೊಳ್ಳೋ ಪುಡಿ) ಮೌಂಡ್ ಹಿಂದ ಇರಲಿ, ಒಣಗಿದ ಚೆಂಡು ಅಂಪೈರ್ ಹತ್ರ ಸದಾ ಒಂದು ಡಜನ್ ಇರಲಿ.